ಹೊಲಿದ ಹಡಗು: ‘ಕೌಂಡಿನ್ಯ’ ಮತ್ತು ಕಾರವಾರ ಕರಾವಳಿಯ ನೌಕಾಜ್ಞಾನ

ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ಭಾರತೀಯ ನೌಕಾಪಡೆಗೆ ಸೇರ್ಪಡೆಯಾದ ‘ಕೌಂಡಿನ್ಯ’ ಹೊಲಿದು ಕಟ್ಟಿದ ಹಡಗು. ಮರದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ರಂಧ್ರ ಕೊರೆದು, ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಸಂದುಗಳಿಗೆ ನಾರು ತುಂಬಿ ರಾಳ ಬಳಿಯಲಾಗಿದೆ. ಎಂಜಿನ್ ಇಲ್ಲದ ಈ ಹಡಗನ್ನು ನಡೆಸುವವು ಚೌಕ ಹಾಯಿಗಳು ಮತ್ತು ಚುಕ್ಕಾಣಿಯ ಕೆಲಸ ಮಾಡುವ ಹುಟ್ಟುಗಳು. ಇದು ನೌಕಾಪಡೆಯದಾದರೂ ಯುದ್ಧನೌಕೆಯಲ್ಲ.

ಇದರ ವಿನ್ಯಾಸಕ್ಕೆ ಆಧಾರವಾದುದು ಅಜಂತಾದ ಐದನೆಯ ಶತಮಾನದ ಭಿತ್ತಿಚಿತ್ರ. ಫ್ರಾನ್ಸಿನಲ್ಲಿ 1779ರ ‘ಹರ್ಮಿಯೋನ್’ ಯುದ್ಧನೌಕೆಯ ಪ್ರತಿರೂಪವನ್ನು ರೋಶ್‌ಫೋರ್ ಪಟ್ಟಣದಲ್ಲಿ 1997ರಿಂದ ಕಟ್ಟಿದಾಗ, ಅದರ ಸೋದರ ನೌಕೆ ‘ಕಾಂಕಾರ್ಡ್’ನ ನಕ್ಷೆಗಳು ನೆರವಿಗಿದ್ದವು. ಆ ನೌಕೆಯನ್ನು ಸೆರೆಹಿಡಿದ ಬ್ರಿಟಿಷರೇ ಅವುಗಳನ್ನು ಬರೆದಿಟ್ಟಿದ್ದರು. ಶತ್ರುವಿನ ದಫ್ತರವೂ ಒಮ್ಮೊಮ್ಮೆ ಪರಂಪರೆಯನ್ನು ಕಾಯುತ್ತದೆ. ಕೌಂಡಿನ್ಯಕ್ಕೆ ಅಂತಹ ನಕ್ಷೆ ಯಾವುದೂ ಇರಲಿಲ್ಲ. ಚಿತ್ರವು ಹಡಗಿನ ಹೊರರೂಪವನ್ನು ತೋರಿಸಬಲ್ಲದು. ಹಲಗೆ ಎಷ್ಟು ಬಾಗಬೇಕು, ಹಗ್ಗ ಎಷ್ಟು ಬಿಗಿಯಬೇಕು ಎಂಬುದನ್ನು ಹೇಳಲಾರದು. ನೀರಿನಲ್ಲಿ ಹಡಗು ವರ್ತಿಸುವ ಬಗೆಯನ್ನು ಮದ್ರಾಸ್ ಐ.ಐ.ಟಿ.ಯಲ್ಲಿ ಮಾದರಿಯ ಮೂಲಕ ಪರೀಕ್ಷಿಸಲಾಯಿತು. ಹೊಲಿಗೆಯ ಜ್ಞಾನ ಮಾತ್ರ ಕುಶಲಕರ್ಮಿಗಳ ಕೈಯಿಂದಲೇ ಬರಬೇಕಿತ್ತು. ಬಾಬು ಶಂಕರನ್ ಅವರ ನೇತೃತ್ವದ ಕೇರಳದ ಕುಶಲಕರ್ಮಿಗಳು ಗೋವಾದ ‘ಹೋಡಿ ಇನೋವೇಷನ್ಸ್’ ಸಂಸ್ಥೆಗಾಗಿ ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿದರು. (ಹೋಡಿ ಎಂದರೆ ಕೊಂಕಣಿಯಲ್ಲಿ ದೋಣಿ.) 2023ರ ಸೆಪ್ಟೆಂಬರಿನಲ್ಲಿ ತಳಗಂಬ ಇಟ್ಟ ಹಡಗು 2025ರ ಫೆಬ್ರವರಿಯಲ್ಲಿ ನೀರಿಗಿಳಿಯಿತು.

ಅದರ ಹಾಯಿಯ ಮೇಲೆ ಕರ್ನಾಟಕದ ರಾಜ್ಯಲಾಂಛನದಲ್ಲಿಯೂ ಇರುವ ಗಂಡಭೇರುಂಡವಿದೆ, ಮುಂಭಾಗದಲ್ಲಿ ಸಿಂಹಯಾಳಿಯಿದೆ. ಹೆಸರು ಐತಿಹ್ಯದ್ದು: ಕಡಲು ದಾಟಿ ಹೋಗಿ ನಾಗಕನ್ಯೆಯನ್ನು ವರಿಸಿದ ಕೌಂಡಿನ್ಯನ ಕಥೆ ಕಾಂಬೋಡಿಯಾದಲ್ಲಿ ರಾಜವಂಶದ ಮೂಲಕಥೆಯಾಗಿದೆ. ಈ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಒಮಾನಿನ ಮಸ್ಕತ್ ತಲುಪಿತು. ಅರಬ್ಬೀ ಸಮುದ್ರದ ಆಚೆ ದಡದಲ್ಲಿಯೂ ಹೊಲಿದ ಹಡಗುಗಳ ಪರಂಪರೆಯೇ ಇದ್ದುದರಿಂದ ಈ ಯಾನಕ್ಕೆ ಪ್ರದರ್ಶನಕ್ಕಿಂತ ಹೆಚ್ಚಿನ ಅರ್ಥವಿದೆ.

ಜಾನಪದ ಅಧ್ಯಯನಕ್ಕೆ ಹೆಚ್ಚು ಮುಖ್ಯವಾದುದು ಇನ್ನೊಂದು ಸಂಗತಿ. ಹೊಲಿಗೆ ಈ ಕರಾವಳಿಗೆ ಹೊಸತಲ್ಲ. ಬಂಗಡೆ, ತಾರ್ಲೆ ಹಿಡಿಯಲು ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಒಯ್ಯುತ್ತಿದ್ದುದು ಹಲಗೆಗಳನ್ನು ಹೊಲಿದು ಕಟ್ಟಿದ, ಚಪ್ಪಟೆ ತಳದ ದೊಡ್ಡ ದೋಣಿ. ಅಲೆಯ ಹೊಡೆತಕ್ಕೆ ಮೊಳೆ ಸಡಿಲಗೊಳ್ಳುವಲ್ಲಿ ಹಗ್ಗ ತುಸು ಬಳುಕಿ ಪೆಟ್ಟನ್ನು ತಾಳುತ್ತದೆ; ಮರಳ ದಂಡೆಗೆ ಎಳೆಯುವ ದೋಣಿಗೆ ಅದೇ ತಕ್ಕುದು. ಹಗ್ಗ ಸವೆದಾಗ ದೋಣಿಯನ್ನು ಬಿಚ್ಚಿ ಮರಳಿ ಹೊಲಿಯಬಹುದಿತ್ತು; ಆ ವಿದ್ಯೆ ಉಳಿದಿದ್ದುದೇ ಈ ಮರುಹೊಲಿಗೆಯ ರೂಢಿಯಿಂದ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಹೊಲಿಗೆಗೆ ಕೆಲಸವೇ ಇಲ್ಲವಾಯಿತು. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಅನೇಕ ಮೀನುಗಾರ ಕುಟುಂಬಗಳು ದಂಡೆಯನ್ನೇ ಬಿಡಬೇಕಾಯಿತು. ಕೌಂಡಿನ್ಯ ನೌಕಾಪಡೆಗೆ ಸೇರಿದ್ದು ಆ ಯೋಜನೆ ಕಟ್ಟಿದ ನೆಲೆಯಲ್ಲಿಯೇ.