ಸಾವಯವ ತರಕಾರಿ ನಿಮ್ಮ ಬೀದಿಗೂ ಬರಲಿ

ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಉಸ್ಸಪ್ಪಾ ಅಂತ ಕೂರುವಷ್ಟರಲ್ಲಿ ಬೀದಿಯಲ್ಲಿ ‘ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೇ...’ ಎಂಬ ಕೂಗು. ಕೆಂಗೇರಿ ಉಪನಗರದ ಗೃಹಿಣಿಯರಿಗೆ ಇದೇನೂ ಹೊಸದಲ್ಲ. ಕಟ್ಟು ಎಷ್ಟು ಅಂತ ಕೇಳ್ತೀರಿ, ಎರಡು ರೂಪಾಯಿಗೆ ಚೌಕಾಸಿ ಮಾಡ್ತೀರಿ, ಒಳಗೆ ತರ್ತೀರಿ. ಆದರೆ ‘ಇದು ಯಾವ ನೀರಲ್ಲಿ ಬೆಳೆದಿದ್ದಮ್ಮಾ?’ ಅಂತ ಎಂದಾದರೂ ಕೇಳಿದ್ದೀರಾ?

ಕೇಳಲೇಬೇಕು. ನಮ್ಮ ಪಕ್ಕದಲ್ಲೇ ಹರಿಯುವ ವೃಷಭಾವತಿ, ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತುಕೊಂಡು ಬಿಡದಿ ಬಳಿಯ ಬೈರಮಂಗಲ ಕೆರೆಯ ಕಡೆಗೆ ಸಾಗುತ್ತದೆ. ಈ ನೀರು ಹಾಯಿಸಿದ ಜಮೀನಿನ ಮಣ್ಣಿನಲ್ಲಿ, ಬೆಳೆಯಲ್ಲಿ ಭಾರಲೋಹಗಳ ಅಂಶ ಇರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಸೊಪ್ಪನ್ನು ಉಪ್ಪು, ಹುಣಸೆಹಣ್ಣಿನ ನೀರಲ್ಲಿ ನೆನೆಸಿ ತೊಳೆದರೆ ಮೇಲಿನ ಮಣ್ಣು, ಔಷಧದ ಅಂಶ ಒಂದಿಷ್ಟು ಹೋಗಬಹುದು. ಬೇರಿನಿಂದ ಎಲೆಗೆ ಏರಿದ್ದು ಮಾತ್ರ ಹೋಗುವುದಿಲ್ಲ.

‘ಹಾಗಾದ್ರೆ ಸಾವಯವ ತಗೊಳ್ಳೋಣ ಅಂದ್ರೆ ಇಲ್ಲೆಲ್ಲಿ ಸಿಗತ್ತೆ? ಸಿಕ್ಕರೂ ಬೆಲೆ ಕೇಳಿದ್ರೆ ಯಜಮಾನ್ರು ಬೈತಾರೆ’ ಅಂತೀರಾ? ನಿಮ್ಮ ಮಾತು ನಿಜ. ಆದರೆ ಯಾಕೆ ಸಿಗುವುದಿಲ್ಲ ಅಂತ ತಿಳಿದುಕೊಂಡರೆ, ಸಿಗುವ ಹಾಗೆ ಮಾಡುವ ದಾರಿಯೂ ಕಾಣುತ್ತದೆ.

ರೈತ ಬೆಳೆದರೂ ಬರುವುದಿಲ್ಲ, ಯಾಕೆ?

ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಬೆಳೆಯುವ ರೈತರೂ ಇದ್ದಾರೆ. ತೊಡಕು ಇರುವುದು ಮಾರುವುದರಲ್ಲಿ. ಮಾಗಡಿ ಕಡೆಯ ರೈತರೊಬ್ಬರು ಔಷಧ ಹೊಡೆಯದೆ ಹತ್ತು ಕಟ್ಟು ಸೊಪ್ಪು, ಐದು ಕೆಜಿ ಹೀರೇಕಾಯಿ ಬೆಳೆದರು ಅಂತಿಟ್ಟುಕೊಳ್ಳಿ. ಅಷ್ಟಕ್ಕೆ ಆಟೋ ಬಾಡಿಗೆ ಹುಟ್ಟುವುದಿಲ್ಲ. ಮಾರುಕಟ್ಟೆಗೆ ಹಾಕಿದರೆ ಎಲ್ಲದರ ಜತೆ ಬೆರೆತು ಅದೇ ರೇಟು. ಸೊಪ್ಪು ಸಂಜೆಯವರೆಗೂ ಕಾಯುವುದಿಲ್ಲ, ಬಾಡಿಹೋಗುತ್ತದೆ. ಜತೆಗೆ ರಾಸಾಯನಿಕ ಬಿಟ್ಟ ಮೊದಲ ಎರಡು ಮೂರು ವರ್ಷ ಇಳುವರಿಯೂ ಕಡಿಮೆಯಾಗಬಹುದು. ಆಗ ಕೈಹಿಡಿಯುವವರು ಯಾರು? ‘ಇವತ್ತು ಬೇಕು, ನಾಳೆ ಬೇಡ’ ಅನ್ನುವ ಗಿರಾಕಿಯನ್ನು ನಂಬಿ ಯಾರೂ ಇನ್ನರ್ಧ ಎಕರೆ ಹೆಚ್ಚಿಗೆ ಬಿತ್ತುವುದಿಲ್ಲ.

ಅಂದರೆ, ಪ್ರತಿ ವಾರ ತಪ್ಪದೆ ಕೊಳ್ಳುವವರು ಸಿಕ್ಕರೆ ತರಕಾರಿ ತಾನಾಗಿ ಬರುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಆಗಿದ್ದು ಇದೇ. ಕೀಟನಾಶಕಕ್ಕೆ ಹೆದರಿದ ಗೃಹಿಣಿಯರು ಗುಂಪು ಕಟ್ಟಿಕೊಂಡು, ‘ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ’ ಎಂದು ರೈತರ ಜತೆ ನೇರ ಒಪ್ಪಂದ ಮಾಡಿಕೊಂಡರು. ಅದಕ್ಕೆ ‘ತೇಕೆಯ್’ ಅಂತ ಹೆಸರು. ನಮಗೂ ಇದು ತೀರಾ ಹೊಸದಲ್ಲ. ಇಂದಿನ ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘದಿಂದ. ರೈತರು ಒಟ್ಟಾದರೆ ಮಳಿಗೆ, ಗೃಹಿಣಿಯರು ಒಟ್ಟಾದರೆ ಗಿರಾಕಿ!

ನೀವೂ ಹೀಗೆ ಮಾಡಿ ನೋಡಿ

* ನಿಮ್ಮ ಕ್ರಾಸಿನ, ಭಜನಾ ಮಂಡಳಿಯ ಅಥವಾ ವಾಕಿಂಗ್ ಜತೆಗಾರರ 20 ಮನೆ ಸೇರಿಸಿ. ಮನೆಗೆ ವಾರಕ್ಕೆ 4 ಕಟ್ಟು ಸೊಪ್ಪು, 3 ಕೆಜಿ ತರಕಾರಿ ಅಂದರೂ 80 ಕಟ್ಟು, 60 ಕೆಜಿ ಆಯಿತು. ಈಗ ಆಟೋ ಬಾಡಿಗೆ ಹುಟ್ಟುತ್ತದೆ ನೋಡಿ.

* ವಾರದಲ್ಲಿ ಒಂದೇ ದಿನ, ಒಂದೇ ಜಾಗ ಗೊತ್ತು ಮಾಡಿ. ಎರಡು ದಿನ ಮೊದಲೇ ಪಟ್ಟಿ ಕೊಡಿ. ಊರಿಗೆ ಹೋದರೆ ನಿಮ್ಮ ಪಾಲನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ರೈತನಿಗೆ ನಷ್ಟ ಮಾಡಬೇಡಿ.

* ಕಾಲಕ್ಕೆ ತಕ್ಕಂತೆ ಅಡುಗೆ ಮಾಡಿ. ವರ್ಷವಿಡೀ ಹೂಕೋಸೇ ಬೇಕೆಂದರೆ ಔಷಧ ಹೊಡೆಯದೆ ಬೆಳೆಯುವುದು ಕಷ್ಟ. ಚಳಿಗಾಲದಲ್ಲಿ ಅವರೆಕಾಯಿ, ಮಳೆ ಬಿದ್ದಾಗ ಬೆರಕೆ ಸೊಪ್ಪಿನ ಮಸ್ಸೊಪ್ಪು. ಅತ್ತೆ, ಅಮ್ಮ ಮಾಡುತ್ತಿದ್ದುದೂ ಅದೇ ತಾನೇ?

* ಬೆಲೆಯ ಚಿಂತೆಯಿದ್ದರೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ರಾಗಿ, ಹುರುಳಿಯಿಂದ ಶುರು ಮಾಡಿ. ಮಳೆ ನಂಬಿ ಬೆಳೆಯುವ ರಾಗಿಗೆ ಔಷಧದ ಹಂಗು ಕಡಿಮೆ, ಕೆಡದೆ ಉಳಿಯುತ್ತದೆ. ಸುಗ್ಗಿ ಮುಗಿದಾಗ ನಾಲ್ಕು ಮನೆ ಸೇರಿ ಮೂಟೆಗಟ್ಟಲೆ ಕೊಂಡು ಹಂಚಿಕೊಳ್ಳಿ. ಆಮೇಲೆ ಮಕ್ಕಳು ದಿನಾ ತಿನ್ನುವ ಸೊಪ್ಪು, ಕೊನೆಗೆ ಉಳಿದದ್ದು.

* ಹುಳು ಕಚ್ಚಿದ ಎಲೆ, ಸೊಟ್ಟ ಬದನೆಕಾಯಿ ಕಂಡರೆ ಮೂತಿ ತಿರುವಬೇಡಿ.

ನಂಬುವುದು ಹೇಗೆ?

ಬೋರ್ಡ್ ಹಾಕಿದ್ದೆಲ್ಲ ಸಾವಯವ ಅಲ್ಲ. ಪ್ಯಾಕೆಟ್ ಕೊಳ್ಳುವಾಗ ಸಾವಯವ ಪ್ರಮಾಣೀಕರಣದ ಗುರುತು ನೋಡಿ. ರೈತರೇ ಗುಂಪಾಗಿ ಒಬ್ಬರ ಹೊಲವನ್ನು ಒಬ್ಬರು ತಪಾಸಣೆ ಮಾಡುವ ಪಿಜಿಎಸ್-ಇಂಡಿಯಾ ಪದ್ಧತಿಯೂ ಇದೆ. ಇದರಲ್ಲಿ ‘ಪಿಜಿಎಸ್ ಗ್ರೀನ್’ ಅಂದರೆ ಬದಲಾಗುತ್ತಿರುವ ಹೊಲ, ‘ಪಿಜಿಎಸ್ ಆರ್ಗ್ಯಾನಿಕ್’ ಅಂದರೆ ಪೂರ್ತಿ ಬದಲಾದದ್ದು. ಗ್ರೀನ್ ಎಂದು ದೂರ ಇಡಬೇಡಿ. ಆ ರೈತನಿಗೇ ಈಗ ನಿಮ್ಮ ಆಸರೆ ಹೆಚ್ಚು ಬೇಕು.

ಸಣ್ಣ ರೈತರ ಬಳಿ ಕಾಗದಪತ್ರ ಇಲ್ಲದಿರಬಹುದು. ಆಗ ಒಂದು ಭಾನುವಾರ ಮಕ್ಕಳನ್ನೂ ಕರೆದುಕೊಂಡು ಅವರ ಹೊಲಕ್ಕೇ ಹೋಗಿ ಬನ್ನಿ. ಮೂರು ಪ್ರಶ್ನೆ ಕೇಳಿ: ನೀರು ಬೋರ್‌ವೆಲ್ಲಿನದೋ, ಮೋರಿಯದೋ? ಗೊಬ್ಬರ ಏನು ಹಾಕ್ತೀರಿ? ಹುಳು ಬಿದ್ದರೆ ಏನು ಮಾಡ್ತೀರಿ? ಕೊಟ್ಟಿಗೆ, ಗೊಬ್ಬರದ ಗುಂಡಿ, ಪಕ್ಕದ ಹೊಲ ಎಲ್ಲ ಕಣ್ಣಿಗೇ ಕಾಣುತ್ತದಲ್ಲ.

ಹಾಗಂತ ಬೀದಿಯ ಸೊಪ್ಪಿನಮ್ಮನನ್ನು ದೂರ ಮಾಡಬೇಡಿ. ಅವಳ ಹೊಟ್ಟೆಪಾಡೂ ಅದೇ. ‘ಒಳ್ಳೆ ನೀರಲ್ಲಿ ಬೆಳೆದ ಸೊಪ್ಪು ತಂದ್ರೆ ನಾವು ಇಪ್ಪತ್ತು ಮನೆಯವರು ದಿನಾ ತಗೋತೀವಿ, ಚೌಕಾಸಿ ಮಾಡಲ್ಲ’ ಅಂತ ಅವಳಿಗೇ ಹೇಳಿ. ಎಲ್ಲಿಂದ ತರಬೇಕು ಅಂತ ಅವಳೇ ಹುಡುಕಿಯಾಳು.

ನಾಳೆ ಬೆಳಿಗ್ಗೆ ‘ಸೊಪ್ಪೋ’ ಅಂತ ಕೂಗಿದಾಗ, ಬೆಲೆ ಕೇಳುವ ಮೊದಲು ನೀರಿನ ಮಾತು ಕೇಳುತ್ತೀರಲ್ಲ?