ಅಟ್ಟದಿಂದ ಹೆದ್ದಾರಿಗೆ ಬಂದ ಹೆಸರು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಹೆದ್ದಾರಿಗಳಲ್ಲಿ ಹೊರಟರೆ, ಕಂಬದ ಮೇಲೆ ನಿಲ್ಲಿಸಿದ ಬೆಳ್ಳಿ ಬಣ್ಣದ ಲೋಹದ ಫಲಕಗಳು ಅಲ್ಲಲ್ಲಿ ಎದುರಾಗುತ್ತವೆ. ಇಲ್ಲಿ ಇಂಥವರಿದ್ದರು, ಇಂಥದ್ದು ನಡೆಯಿತು ಎಂದು ಕಪ್ಪಕ್ಷರದಲ್ಲಿ ಕೆಲವೇ ಸಾಲುಗಳಿರುತ್ತವೆ. 1935ರಲ್ಲಿ ಶುರುವಾದ ಈ ಸರ್ಕಾರಿ ಯೋಜನೆಯಲ್ಲಿ ಈಗ 1,500ಕ್ಕೂ ಹೆಚ್ಚು ಫಲಕಗಳಿವೆ. ವಾಹನದಲ್ಲಿ ಹೋಗುವವರಿಗೂ ಓದಲು ಸಿಗಬೇಕಲ್ಲ, ಹಾಗಾಗಿ ಬರಹ ತೀರಾ ಚಿಕ್ಕದು.

ಈಡೆಂಟನ್ ಎಂಬ ಹಳೆಯ ಬಂದರು ಪಟ್ಟಣದಲ್ಲಿರುವ ಒಂದು ಫಲಕ ಹ್ಯಾರಿಯೆಟ್ ಜೇಕಬ್ಸ್ ಅವರದು. ಗುಲಾಮಗಿರಿಯಿಂದ ತಪ್ಪಿಸಿಕೊಂಡವಳು, ಲೇಖಕಿ, ಗುಲಾಮಗಿರಿಯ ವಿರುದ್ಧ ಹೋರಾಡಿದವಳು ಎಂದು ಪರಿಚಯಿಸಿ, 1861ರಲ್ಲಿ ಬಂದ ಆಕೆಯ ಆತ್ಮಕಥೆಯನ್ನು ಹೆಸರಿಸಿ, ಈ ಊರಿನಲ್ಲಿ ವಾಸವಿದ್ದಳು ಎಂದು ಅದು ಹೇಳುತ್ತದೆ. ಆ ‘ವಾಸ’ ಎಂಥದ್ದೆಂದು ಗೊತ್ತಿದ್ದವರಿಗೆ ಫಲಕದ ಮುಂದಿನಿಂದ ಕಾಲು ಕೀಳುವುದು ಕಷ್ಟ.

ಹ್ಯಾರಿಯೆಟ್ ಹುಟ್ಟಿದ್ದು 1813ರಲ್ಲಿ, ಇದೇ ಊರಿನಲ್ಲಿ, ಗುಲಾಮಳಾಗಿ. ಮೊದಲ ಒಡತಿ ಅಕ್ಷರ, ಹೊಲಿಗೆ ಎರಡನ್ನೂ ಕಲಿಸಿದ್ದಳು. 1825ರಲ್ಲಿ ಆ ಒಡತಿ ತೀರಿಕೊಂಡಾಗ, ಉಯಿಲಿನ ಪ್ರಕಾರ, ಈ ಹುಡುಗಿ ಮೂರು ವರ್ಷದ ಒಂದು ಮಗುವಿನ ಸ್ವತ್ತಾದಳು. ಮಗುವಿನ ತಂದೆ ಊರಿನ ವೈದ್ಯ ಜೇಮ್ಸ್ ನಾರ್ಕಂ. ಅವನ ಕಾಮದ ಕಾಟ ವರ್ಷಗಟ್ಟಲೆ ನಡೆಯಿತು. ತನ್ನ ಇಬ್ಬರು ಮಕ್ಕಳನ್ನೂ ತೋಟದ ದುಡಿಮೆಗೆ ಹಚ್ಚುತ್ತಾರೆಂದು ತಿಳಿದಾಗ, 1835ರಲ್ಲಿ ಆಕೆ ಕಣ್ಮರೆಯಾದಳು.

ನಾರ್ಕಂ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಹಿಡಿದುಕೊಟ್ಟವರಿಗೆ 100 ಡಾಲರ್ ಬಹುಮಾನ. ವಯಸ್ಸು 21, ಎತ್ತರ 5 ಅಡಿ 4 ಅಂಗುಲ, ಗುಂಗುರು ಕೂದಲು, ಸರಾಗವಾದ ಮಾತು ಎಂದು ಎಲ್ಲವನ್ನೂ ಬರೆಸಿದ. ಯಾವ ಕಾರಣವೂ ಇಲ್ಲದೆ ಓಡಿಹೋದಳು ಎಂದೂ ಸೇರಿಸಿದ. ಇಷ್ಟು ದೊಡ್ಡ ಸುಳ್ಳು ಅಚ್ಚಾದದ್ದು ಅಪರೂಪ.

ಆಕೆ ದೂರವೇನೂ ಹೋಗಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಅಜ್ಜಿ ಮೋಲಿ ಹಾರ್ನಿಬ್ಲೋ ಅದೇ ಊರಿನಲ್ಲಿ ತಿಂಡಿ ಬೇಯಿಸಿ ಮಾರಿ ಬದುಕುತ್ತಿದ್ದಳು. ಅವಳ ಮನೆಯ ಸೂರಿನಡಿ ಒಂದು ಅಟ್ಟ. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಹೆಚ್ಚೆಂದರೆ 3 ಅಡಿ. ನೆಟ್ಟಗೆ ನಿಲ್ಲಲಾಗದ ಆ ಕತ್ತಲಲ್ಲಿ ಹ್ಯಾರಿಯೆಟ್ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದಳು. ಗೋಡೆಯ ಹಲಗೆಗೆ ಸಣ್ಣ ತೂತು ಕೊರೆದು, ಕೆಳಗೆ ಆಡುವ ಮಕ್ಕಳನ್ನು ನೋಡುತ್ತಿದ್ದಳು. ಮಕ್ಕಳಿಗೆ ತಾಯಿ ಅಲ್ಲಿರುವುದು ಗೊತ್ತಿಲ್ಲ. ಅಟ್ಟದಲ್ಲೇ ಕೂತು ನಾರ್ಕಂಗೆ ಪತ್ರ ಬರೆದು, ಅದು ನ್ಯೂಯಾರ್ಕಿನಿಂದ ಅಂಚೆಗೆ ಬೀಳುವಂತೆ ಮಾಡಿದಳು. ಬೇಟೆಗಾರ ಉತ್ತರದಲ್ಲಿ ಹುಡುಕಲಿ ಎಂದು. ಆಕೆಯ ಬರವಣಿಗೆಯ ಮೊದಲ ಗೆಲುವು ಈ ಪತ್ರಗಳೇ ಎಂದು ನನಗನಿಸುತ್ತದೆ.

1842ರಲ್ಲಿ ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಪಾರಾದಳು. ನ್ಯೂಯಾರ್ಕಿನಲ್ಲಿ ಶ್ರೀಮಂತರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. 1852ರಲ್ಲಿ ಆ ಮನೆಯೊಡತಿ 300 ಡಾಲರ್ ಕೊಟ್ಟು ಬಿಡುಗಡೆ ಕೊಡಿಸಿದಳು. ಕಡೆಗೂ ತನ್ನನ್ನು ಮಾರಲಾಯಿತಲ್ಲ ಎಂಬ ನೋವು ಹ್ಯಾರಿಯೆಟ್‌ಗೆ ಉಳಿಯಿತು. ಹಗಲೆಲ್ಲ ಕೆಲಸ ಮಾಡಿ ರಾತ್ರಿ ಬರೆದ ಪುಸ್ತಕವೇ ‘ಇನ್ಸಿಡೆಂಟ್ಸ್ ಇನ್ ದ ಲೈಫ್ ಆಫ್ ಎ ಸ್ಲೇವ್ ಗರ್ಲ್’. ಅದರಲ್ಲಿ ಆಕೆ ತನ್ನನ್ನು ಲಿಂಡಾ ಬ್ರೆಂಟ್ ಎಂದು ಕರೆದುಕೊಂಡಳು. ಇದರಿಂದಾಗಿ, 1897ರಲ್ಲಿ ಆಕೆ ತೀರಿಕೊಂಡ ಮೇಲೆ, ಪುಸ್ತಕ ಬರೀ ಕಟ್ಟುಕಥೆ, ಬರೆದವಳು ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಎಂದೇ ಅನೇಕ ವಿದ್ವಾಂಸರು ನಂಬಿದರು. ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ ಹಳೆಯ ಪತ್ರಗಳನ್ನು ಹೆಕ್ಕಿ, 1981ರಲ್ಲಿ ಸತ್ಯವನ್ನು ಮುಂದಿಟ್ಟರು.

ಆದ್ದರಿಂದ ಫಲಕದ ಮೇಲಿನ ‘ಲೇಖಕಿ’ ಎಂಬ ಪದಕ್ಕೆ ಬೇರೆಯೇ ತೂಕವಿದೆ. ಗುಲಾಮರಿಗೆ ಓದುಬರಹ ಕಲಿಸುವುದೇ ಅಪರಾಧವೆಂದು 1830ರಲ್ಲಿ ಕಾನೂನು ಮಾಡಿದ ರಾಜ್ಯವೇ ಇಂದು ಅದನ್ನು ಬರೆಸಿ ನಿಲ್ಲಿಸಿದೆ. ಅಟ್ಟವಿದ್ದ ಮನೆ ಈಗ ಇಲ್ಲ. ನಾರ್ಕಂನ ಜಾಹೀರಾತಿನಲ್ಲಿ ಆಕೆ ಬರೀ ‘ಹ್ಯಾರಿಯೆಟ್’. ಫಲಕದಲ್ಲಿ ಪೂರ್ತಿ ಹೆಸರಿದೆ.