ಬೇಗೂರಿನ ಮಳೆ, ವಿಮೆಯ ಲೆಕ್ಕ ಮತ್ತು ನಮ್ಮ ಮಕ್ಕಳ ಗಣಿತ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನದಿಂದಲೇ ಪೋಷಕರು ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಗಣಿತ ಕಲಿತ ಮಗು ಮುಂದೆ ಗಣಿತವನ್ನೇ ಆರಿಸಿಕೊಂಡರೆ ಅಧ್ಯಾಪಕ ವೃತ್ತಿಯ ಹೊರತು ಬೇರೆ ದಾರಿಯಿದೆಯೇ? ದಾರಿಗಳು ಹಲವು. ಅವುಗಳಲ್ಲಿ ನಮ್ಮ ಕಡೆ ಅಷ್ಟಾಗಿ ಪರಿಚಯವಿಲ್ಲದ ಒಂದನ್ನು, ಅಂದರೆ ವಿಮಾಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ವಿದ್ಯಾರ್ಥಿಗಳು ತಂಡವಾಗಿ ನಡೆಸುವ ಸಂಶೋಧನೆಯನ್ನು, ವಯನಾಡಿನ ಬೇಗೂರನ್ನು ಮುಂದಿಟ್ಟುಕೊಂಡು ವಿವರಿಸಲು ಬಯಸುತ್ತೇವೆ.

ಬೇಗೂರು ಮಾನಂದವಾಡಿ ತಾಲೂಕಿನ ಕಾಡಿನ ಪ್ರದೇಶ. ತೋಲ್ಪೆಟ್ಟಿ ದಾಟಿದರೆ ಕೊಡಗು, ಆಚೆಗೆ ನಾಗರಹೊಳೆ. ಕನ್ನಡಕ್ಕೆ ತೀರಾ ಹತ್ತಿರದ ನುಡಿಯಾಡುವ ಕಾಡುನಾಯ್ಕರು ಈ ಸೀಮೆಯವರು. ಕಾಡಿನಂಚಿನಲ್ಲಿ ಗದ್ದೆ, ಸುತ್ತಲ ಊರುಗಳಲ್ಲಿ ರೊಬಸ್ಟಾ ಕಾಫಿ ಮತ್ತು ಕರಿಮೆಣಸು. ಫೆಬ್ರವರಿ, ಮಾರ್ಚ್ ತಿಂಗಳ ಹೂಮಳೆ ಬಾರದಿದ್ದರೆ ರೊಬಸ್ಟಾ ಹೂ ಸರಿಯಾಗಿ ಅರಳುವುದಿಲ್ಲ. ಅರಳಿದ ಮೇಲೆ ಹಿಂಬಾಲಿಸಿ ಇನ್ನೊಂದು ಮಳೆ ಬೀಳದಿದ್ದರೆ ಕಾಯಿ ನಿಲ್ಲುವುದಿಲ್ಲ. ಒಂದು ವರ್ಷದ ಸಂಸಾರ ಎರಡು ಮಳೆಗಳ ಮೇಲೆ ನಿಂತಿರುತ್ತದೆ.

ಇಂತಹ ನಷ್ಟಕ್ಕೆ ವಿಮೆ ಕೊಡುವುದು ಹೇಗೆಂಬ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಕನ್ನಡ ನಾಡಿನಿಂದಲೇ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲಿಯೇ ಜೀವವಿಮೆಯನ್ನು ಆರಂಭಿಸಿತ್ತು. ಅದೇ ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಕೃಷಿ ವಿಮೆಯ ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಮಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡ ವಿಮೆಯನ್ನು ಸೂಚಿಸಿದರು. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ನಷ್ಟ ಅಳೆಯುವುದು ಆಗದ ಕೆಲಸ. ಆದ್ದರಿಂದ ಆ ಪ್ರದೇಶದ ಮಳೆಮಾಪಕದಲ್ಲಿ ನಿಗದಿತ ಮಟ್ಟಕ್ಕಿಂತ ಕಡಿಮೆ ಮಳೆ ದಾಖಲಾದರೆ ಎಲ್ಲರಿಗೂ ಪರಿಹಾರ ಸಲ್ಲಬೇಕು ಎಂಬುದು ಅವರ ಯೋಚನೆ. ಇದಕ್ಕಾಗಿ ಅವರು 1870ರಿಂದ 1914ರವರೆಗಿನ ಮಳೆಯ ದಾಖಲೆಗಳನ್ನು ಪರಿಶೀಲಿಸಿದ್ದರು. ಭಾರತದಲ್ಲಿ ಹವಾಮಾನ ಆಧಾರಿತ ವಿಮೆ ಪ್ರಾಯೋಗಿಕವಾಗಿ ಜಾರಿಗೆ ಬಂದದ್ದು 2003ರಲ್ಲಿ, ಅಂದಿನ ಆಂಧ್ರದ ಮಹಬೂಬನಗರದಲ್ಲಿ. ಎಂಬತ್ತಕ್ಕೂ ಹೆಚ್ಚು ವರ್ಷ ಆ ಗ್ರಂಥ ಕಪಾಟಿನಲ್ಲಿ ಮಲಗಿತ್ತೆಂಬುದನ್ನು ನೆನೆದರೆ ಬೇಸರವಾಗುತ್ತದೆ.

ಈಗ ನಾಲ್ವರು ವಿದ್ಯಾರ್ಥಿಗಳ ತಂಡವೊಂದು ಬೇಗೂರಿನ ಸುತ್ತಲಿನ ಕಾಫಿಗೆ ಇಂತಹ ವಿಮೆಯ ಕಂತನ್ನು ಲೆಕ್ಕ ಹಾಕಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. 40 ವರ್ಷಗಳ ಮಳೆಯ ಪುಸ್ತಕ ದೊರೆಯಿತು. ಅದರಲ್ಲಿ 8 ವರ್ಷ ಹೂಮಳೆ ಕೈಕೊಟ್ಟಿತ್ತು. ಮಳೆ ತಪ್ಪಿದ ವರ್ಷ 10,000 ರೂಪಾಯಿ ಪರಿಹಾರ ಎಂದಾದರೆ, ಸಂಭವನೀಯತೆ 40ರಲ್ಲಿ 8, ಅಂದರೆ ಐದರಲ್ಲಿ ಒಂದು. ವರ್ಷದ ಕಂತು 2,000 ರೂಪಾಯಿ. ಮೇಲೆ ನಿರ್ವಹಣಾ ವೆಚ್ಚ. ಇಷ್ಟನ್ನು ನಮ್ಮ ಹತ್ತನೆಯ ತರಗತಿಯ ಮಗುವೂ ಮಾಡಬಲ್ಲದು.

ಸಂಶೋಧನೆ ಆರಂಭವಾಗುವುದು ಇದರ ನಂತರ. ನಲವತ್ತು ವರ್ಷಗಳ ದಾಖಲೆ ಸಾಕೇ? ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದ ಪ್ರಕಾರ, ಇಷ್ಟು ಕಡಿಮೆ ವರ್ಷಗಳಿಂದ ಪಡೆದ ಶೇಕಡಾ 20 ಎಂಬ ಅಂದಾಜಿನ ನಿಜ ಬೆಲೆ ಶೇಕಡಾ 8ರಿಂದ 32ರ ನಡುವೆ ಎಲ್ಲಿಯೂ ಇರಬಹುದು. ಎಂದರೆ ನ್ಯಾಯವಾದ ಕಂತು 800 ರೂಪಾಯಿಯೂ ಆಗಿರಬಹುದು, 3,200 ರೂಪಾಯಿಯೂ ಆಗಿರಬಹುದು. ಹಳೆಯ ಮಳೆ ಮುಂದಿನ ಮಳೆಗೆ ಸಾಕ್ಷಿಯಾಗುತ್ತದೆಯೇ ಎಂಬುದು ಇನ್ನೂ ಕಠಿಣ ಪ್ರಶ್ನೆ.

ಮಳೆಯ ಪುಸ್ತಕದ ಖಾಲಿ ಮನೆಗಳದ್ದು ಬೇರೆಯೇ ಕಥೆ. ಮಳೆ ಬರಲಿಲ್ಲವೆಂದು ಖಾಲಿ ಬಿಟ್ಟರೇ, ಅಥವಾ ಅಳೆಯುವವರು ಆ ದಿನ ಮದುವೆಗೆ ಹೋಗಿದ್ದರೇ? ಖಾಲಿ ಮನೆಯನ್ನೆಲ್ಲ ಸೊನ್ನೆಯೆಂದು ಓದಿದರೆ ಇಲ್ಲದ ಬರಗಾಲ ಹುಟ್ಟುತ್ತದೆ. ಆಗ ಒಬ್ಬ ವಿದ್ಯಾರ್ಥಿ ಊರಿನ ಹಿರಿಯರ ಬಳಿ ಕುಳಿತು, ಯಾವ ವರ್ಷ ಹೂ ಉದುರಿತೆಂದು ಕೇಳಬೇಕು. ಕನ್ನಡ, ಮಲಯಾಳ ಎರಡನ್ನೂ ಬಲ್ಲ ಗಡಿನಾಡಿನ ಮಗು ಇಲ್ಲಿ ತಂಡದ ಬಲ. ಮಹಾನಗರದಲ್ಲಿ ಬೆಳೆದ ಸಹಪಾಠಿಗೆ ಈ ಕೆಲಸ ಸುಲಭವಲ್ಲ. ಮತ್ತೊಬ್ಬರು ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಲೆಕ್ಕ ಬರೆಯುತ್ತಾರೆ, ಇನ್ನೊಬ್ಬರು ಅದನ್ನು ಬೇರೆ ವಿಧಾನದಿಂದ ಪರೀಕ್ಷಿಸುತ್ತಾರೆ, ನಾಲ್ಕನೆಯವರು ವರದಿ ಸಿದ್ಧಪಡಿಸುತ್ತಾರೆ. ಮಾರ್ಗದರ್ಶಕರು ತಪ್ಪು ತೋರಿಸುತ್ತಾರೆ, ಉತ್ತರ ಹೇಳಿಕೊಡುವುದಿಲ್ಲ.

ಮಳೆಮಾಪಕದ ದೂರವೂ ಗಣಿತದ ವಿಷಯವೇ. ವಯನಾಡಿನಲ್ಲಿ ಪಶ್ಚಿಮದ ಲಕ್ಕಿಡಿಯ ಮಳೆಯೇ ಬೇರೆ, ಪೂರ್ವದ ಪುಲ್ಪಳ್ಳಿಯ ಮಳೆಯೇ ಬೇರೆ. ಮಾಪಕದ ಬಳಿ ಸುರಿದು ತೋಟದಲ್ಲಿ ಸುರಿಯದಿದ್ದರೆ, ಕಂತು ಕಟ್ಟಿದವನಿಗೆ ಬೆಳೆಯೂ ಇಲ್ಲ, ಪರಿಹಾರವೂ ಇಲ್ಲ. ನಮ್ಮ ಪರಿಚಯದ ಕುಟುಂಬವೊಂದು ಇದೇ ಅನುಭವದ ನಂತರ ವಿಮೆಯ ಹೆಸರೆತ್ತಿದರೆ ಎದ್ದು ಹೋಗುತ್ತದೆ. ಅವರ ಸಿಟ್ಟು ತಪ್ಪಲ್ಲ. ಆದರೆ ಆ ಸಿಟ್ಟನ್ನು ಅಂಕಿಗಳಲ್ಲಿ ಬರೆದು ಇಲಾಖೆಯ ಮುಂದಿಡುವವರು ಬೇಕು. ಆನೆ ತುಳಿದ ಬೆಳೆಯ ಲೆಕ್ಕವೂ ಹಾಗೆಯೇ. ಸರಕಾರದ ಕಡತದಲ್ಲಿರುವುದು ಅರ್ಜಿ ಕೊಟ್ಟವರ ನಷ್ಟ. ಪಟ್ಟೆಯಿಲ್ಲದವನು, ಅರ್ಜಿಯ ಭಾಷೆ ಬಾರದವನು ಆ ಎಣಿಕೆಯೊಳಗೆ ಬರುವುದೇ ಇಲ್ಲ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಾರಿಯ ವಿಷಯ ಸಂಕ್ಷೇಪವಾಗಿ. ಕಾಸರಗೋಡು ಜಿಲ್ಲೆಯೂ ಮಾನಂದವಾಡಿ ತಾಲೂಕೂ ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಗೇ ಸೇರಿವೆ. ಕೇರಳದಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷಗಳ ಪದವಿ ಆರಂಭವಾಗಿದ್ದು, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಸಹಿತದ ಆನರ್ಸ್ ಆರಿಸಿಕೊಳ್ಳಬಹುದು. ವಿಮಾಗಣಿತಜ್ಞರಾಗಬೇಕಾದರೆ, 2006ರ ಕಾಯಿದೆಯಂತೆ ರಚಿತವಾದ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಅರೀಸ್ ಆಫ್ ಇಂಡಿಯಾ ನಡೆಸುವ ಪ್ರವೇಶ ಪರೀಕ್ಷೆಯನ್ನು ಹನ್ನೆರಡನೆಯ ತರಗತಿಯ ನಂತರ ಬರೆಯಬಹುದು. ಆಮೇಲಿನ ಪರೀಕ್ಷೆಗಳು ಹಲವು, ಶುಲ್ಕವಿದೆ, ವರ್ಷಗಳು ಹಿಡಿಯುತ್ತವೆ, ಎಲ್ಲವೂ ಇಂಗ್ಲಿಷಿನಲ್ಲಿ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ನಮಗೆ ಸರಿಕಾಣುವುದಿಲ್ಲ. ಆದರೆ ಸರಾಸರಿ, ಸಂಭವನೀಯತೆ ಎಂಬುವುಗಳ ಅರ್ಥ ಕನ್ನಡದಲ್ಲಿ ಗಟ್ಟಿಯಾಗಿ ಕೂತ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ಹೆಸರು ಮಾತ್ರ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದಿದ್ದ ಎಂಬುದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನೇರವಾಗಿ ಕೂರುವುದನ್ನು ನಾವು ಕಂಡಿದ್ದೇವೆ.

ಒಂದು ವಿನಂತಿ. ತೋಟವಿರುವ ಹಲವು ಮನೆಗಳಲ್ಲಿ ಅಜ್ಜನ ಕಾಲದ ಮಳೆಯ ಡೈರಿಗಳಿರುತ್ತವೆ. ಅವನ್ನು ಹಳೆಯ ಕಾಗದದವನಿಗೆ ಹಾಕಬೇಡಿ. ಪುಟಗಳ ಚಿತ್ರ ತೆಗೆದು, ಊರು ಮತ್ತು ವರ್ಷ ಬರೆದು, ಹತ್ತಿರದ ಕಾಲೇಜಿನ ಸಂಖ್ಯಾಶಾಸ್ತ್ರ ಅಥವಾ ಗಣಿತ ವಿಭಾಗಕ್ಕೆ ತಲುಪಿಸಿ.